ಬ್ರೇಕು ಗದಿಗೆಪ್ಪ ಉಪ್ಪಿನ ಬಯಲಿಗೆ ಹೋದದ್ದು

ಮಿಲ್ಟನ್ನಿನ ಗದಿಗೆಪ್ಪನಿಗೆ ‘ಬ್ರೇಕು ಗದಿಗೆಪ್ಪ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವನು ಕಾರು ಕಲಿಸುವ ಮೇಷ್ಟ್ರು. ತಲೆಯ ಮೇಲೆ ಹಳದಿ ಬೋರ್ಡು ಹೊತ್ತ ಅವನ ಕಾರಿನಲ್ಲಿ ಪಕ್ಕದ ಸೀಟಿನ ಕಾಲಬುಡಕ್ಕೂ ಒಂದು ಬ್ರೇಕು ಇತ್ತು. ಕಲಿಯುವವರು ಗಾಬರಿಬಿದ್ದಾಗ ಮೇಷ್ಟ್ರು ಒತ್ತಲೆಂದು ಅದನ್ನು ಕೂರಿಸಿರುತ್ತಾರೆ. ಆದರೆ ಗದಿಗೆಪ್ಪ ಕಲಿಯುವವರಿಗಿಂತ ಮೊದಲೇ ಗಾಬರಿ ಬೀಳುವ ಆಸಾಮಿ. ಮುಂದಿನ ಬೀದಿಯಲ್ಲಿ ನಾಯಿ ಬೊಗಳಿದರೆ ಈ ಬೀದಿಯಲ್ಲಿ ಬ್ರೇಕು. ದೂರದಲ್ಲಿ ಹಸಿರು ದೀಪ ಕಂಡರೆ, ಅದು ಇನ್ನೇನು ಕೆಂಪಾದೀತೆಂದು ಬ್ರೇಕು. ಬರಬರುತ್ತಾ ಆ ಬಲಗಾಲು ಯಜಮಾನನ ಮಾತನ್ನೇ ಕೇಳದಾಯಿತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಸೋಫಾದಲ್ಲಿ ಕೂತು ಟೀವಿ ನೋಡುವಾಗಲೂ ಒತ್ತುತ್ತಿತ್ತು. ಅವರ ಮನೆಯ ಸೋಫಾದ ಮುಂದೆ ಕಾರ್ಪೆಟ್ಟು ಒಂದು ಅಂಗಾಲಿನಷ್ಟು ಸವೆದಿದೆ, ನಂಬಿಕೆ ಬಾರದಿದ್ದರೆ ಹೋಗಿ ನೋಡಿ ಬನ್ನಿ.

ಹಾಗಂತ ಅವನನ್ನು ಹಗುರವಾಗಿ ಕಾಣುವ ಹಾಗಿಲ್ಲ. ಹುಬ್ಬಳ್ಳಿಯಿಂದ ಈ ಹಿಮದ ದೇಶಕ್ಕೆ ಬಂದ ಹೊಸತರಲ್ಲಿ ಗೋದಾಮಿನಲ್ಲಿ ಡಬ್ಬ ಎತ್ತಿ ಸೊಂಟ ನೋಯಿಸಿಕೊಂಡವನು, ತೊಂಬತ್ತರ ದಶಕದ ನಡುವಿನಲ್ಲಿ ಈ ಕಸುಬಿಗಿಳಿದ. ಅಲ್ಲಿಂದೀಚೆಗೆ ಸುತ್ತಲಿನ ಊರುಗಳಲ್ಲಿ, ಅರೋರಾದಿಂದ ಎರಿನ್ ಮಿಲ್ಸ್‌ವರೆಗೆ, ಕನ್ನಡದವರ ಮನೆ ಮುಂದೆ ನಿಂತ ಕಾರುಗಳಲ್ಲಿ ಅರ್ಧಕ್ಕರ್ಧ ಅವನ ಶಿಷ್ಯರವೇ. ಬೆಂಗಳೂರು ಮೈಸೂರಿನಿಂದ ಬಂದಿಳಿದ ಸಾಫ್ಟ್‌ವೇರ್ ಮಂದಿಗೆ ಹಿಮದ ಮೇಲೆ ಗಾಡಿ ಹೊಡೆಯಲು ಕಲಿಸಿದವನು ಅವನು. “ಸಾಹೇಬ್ರ, ಆ ಕನ್ನಡಿ ತಲಿ ಬಾಚ್ಕೊಳ್ಳಾಕ ಅಲ್ರಿ,” ಎಂದು ಎಂಥೆಂಥ ಮ್ಯಾನೇಜರುಗಳನ್ನೂ ಗದರಿಸಿದ್ದಾನೆ.

ಇಷ್ಟೆಲ್ಲ ಊರಿಗೆ ಕಲಿಸಿದವನ ಹೆಂಡತಿಗೆ ಮಾತ್ರ ಕಾರು ಬರುತ್ತಿರಲಿಲ್ಲ. ಗಿರಿಜವ್ವ ಮೂರು ಸಲ ಪರೀಕ್ಷೆಗೆ ಹೋಗಿ ಮೂರು ಸಲವೂ ಫೇಲಾಗಿದ್ದಳು. ಮೊದಲ ಸಲ ಪರೀಕ್ಷಕಿ ಪಕ್ಕದಲ್ಲಿ ಕೂತು ಹೊರಡು ಅಂದಳು. ಇವಳು ಚಾವಿ ತಿರುಗಿಸಿ ಸುಮ್ಮನೆ ಕೂತಳು. ಗಂಡನ ಕಾರಿನಲ್ಲಿ ಕನ್ನಡಿ ನೋಡು, ಸಿಗ್ನಲ್ ಹಾಕು, ಈಗ ಬಿಡು ಎಂದು ಒಂದೊಂದಕ್ಕೂ ಅಪ್ಪಣೆಯಾಗುತ್ತಿತ್ತು. ಇಲ್ಲಿ ಅಪ್ಪಣೆಯೇ ಬರಲಿಲ್ಲ. ಎರಡನೆಯ ಸಲ, ನೊಣವೂ ಅಡ್ಡ ಬಾರದ ರಸ್ತೆಯಲ್ಲಿ ಪರೀಕ್ಷಕ ಕೆಮ್ಮಿದನೆಂದು ಗಕ್ಕನೆ ನಿಲ್ಲಿಸಿದಳು.

ಮೂರನೆಯದು ಕನ್ನಡದವರಲ್ಲಿ ಬಹಳ ಪ್ರಸಿದ್ಧ. ನಾಲ್ಕೂ ಕಡೆ ಸ್ಟಾಪ್ ಬೋರ್ಡಿರುವ ಚೌಕ. ಮೊದಲು ಬಂದ ಗಾಡಿ ಮೊದಲು ಹೋಗಬೇಕೆಂಬುದು ಇಲ್ಲಿನ ಕಾಯಿದೆ. ಗಿರಿಜವ್ವನೇ ಮೊದಲು ಬಂದಳು. ಆದರೆ ಎದುರಿಗೆ ಒಬ್ಬ ಮುದುಕ ಬಂದು ನಿಂತ. ಹಿರಿಯರನ್ನು ಬಿಟ್ಟು ತಾನು ಮುಂದೆ ಹೋಗುವುದುಂಟೇ? ಕೈ ಚಾಚಿ “ನೀವು ಹೋಗ್ರಿ” ಅಂದಳು. ಆಮೇಲೆ ಬಲಗಡೆಯಿಂದ ಹಿಂದೆ ಕೂಸು ಕೂರಿಸಿಕೊಂಡ ಒಬ್ಬ ಹೆಣ್ಣುಮಗಳು ಬಂದಳು, ಆಕೆಯೂ ಹೋಗಲಿ. ಆಮೇಲೆ ಶಾಲೆಯ ಬಸ್ಸು. ಎಲ್ಲರಿಗೂ ಬಡಿಸಿ ಆದಮೇಲೆ ತಾನು ಉಣ್ಣುವ ಹೆಂಗಸು ಅವಳು. ಚೌಕದಲ್ಲೂ ಪಂಕ್ತಿ ಏಳಲೆಂದು ಕಾದಳು. ಮಿಲ್ಟನ್ನಿನಲ್ಲಿ ಗಾಡಿಗಳ ಪಂಕ್ತಿ ಏಳುವುದುಂಟೇ! ಪರೀಕ್ಷಕ ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿಯಾಚೆ ನೋಡತೊಡಗಿದ.

ಮನೆಗೆ ಬಂದವಳೇ ಗಿರಿಜವ್ವ, “ಸಾಕು. ಇನ್ನ ನಾ ಸ್ಟೀರಿಂಗ್ ಮುಟ್ಟಂಗಿಲ್ಲ,” ಅಂದಳು. ಅಂದ ಮೇಲೆ ಮುಟ್ಟಲಿಲ್ಲ.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಶಿಷ್ಯರು “ಮೇಷ್ಟ್ರೇ, ಮನೆಯವರು ಬಸ್ಸಲ್ಲಿ ಬಂದ್ರಾ?” ಎಂದು ಕಾಲೆಳೆಯುತ್ತಿದ್ದರು. ಅದನ್ನು ಗದಿಗೆಪ್ಪ ಹೋಳಿಗೆಯ ಜೊತೆ ನುಂಗಿಕೊಳ್ಳುತ್ತಿದ್ದ. ನುಂಗಲಾಗದ ಚಿಂತೆ ಬೇರೊಂದಿತ್ತು. ಅದು ಎರಡು ಸಾವಿರದ ಐದನೇ ಇಸವಿ. ಮಗಳು ಶಿವಾನಿ ಸೆಪ್ಟೆಂಬರಿಗೆ ದೂರದ ಆಟವಾ ನಗರಕ್ಕೆ ಓದಲು ಹೊರಟಿದ್ದಳು. ಅಲ್ಲಿಯವರೆಗೆ ಅವ್ವನನ್ನು ಅಂಗಡಿಗೆ, ಗುಡಿಗೆ, ಗೆಳತಿಯರ ಮನೆಗೆ ತನ್ನ ಹಳೆಯ ಕಾರಿನಲ್ಲಿ ಒಯ್ಯುತ್ತಿದ್ದವಳು ಅವಳೇ. ಅವರ ಮನೆ ಇದ್ದದ್ದು ಹೊಸ ಬಡಾವಣೆಯಲ್ಲಿ. ಹತ್ತಿರದಲ್ಲಿ ಬಸ್ಸಿಲ್ಲ, ಅಂಗಡಿಯಿಲ್ಲ. ಗದಿಗೆಪ್ಪನೋ ಬೆಳಗಾದರೆ ಪರರ ಮಕ್ಕಳ ಪಕ್ಕ ಬ್ರೇಕು ಒತ್ತುತ್ತಾ ಊರೂರು ತಿರುಗುವವನು. ಮಗಳು ಹೋದಮೇಲೆ ಗಿರಿಜವ್ವ ಇಡೀ ದಿನ ಒಬ್ಬಳೇ ಕಿಟಕಿಯಲ್ಲಿ ಕೂರಬೇಕಾಗುತ್ತದೆ. ಇನ್ನೊಮ್ಮೆ ಪ್ರಯತ್ನ ಮಾಡು ಎಂದು ಬೇಡಿಕೊಂಡ. ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು.

ಹೀಗಿರುವಾಗ ಅರೋರಾದಿಂದ ಶ್ರೀಕಂಠ ಫೋನು ಮಾಡಿದ. ಮೈಸೂರಿನ ಹುಡುಗ, ಗದಿಗೆಪ್ಪನ ಕೈಯಲ್ಲಿ ಕಲಿತು ಮೊದಲ ಯತ್ನದಲ್ಲೇ ಪಾಸಾದವನು. ಆ ಋಣಕ್ಕೆ ಇವತ್ತಿಗೂ ‘ಸರ್’ ಅನ್ನುತ್ತಾನೆ. ಆಫೀಸಿನ ಕಂಪ್ಯೂಟರ್ ಪರದೆಯ ಮೇಲೆ ಯಾವುದೋ ಚಿತ್ರ ನೋಡಿ ಅವನಿಗೂ ಅವನ ಹೆಂಡತಿ ಶೈಲಜಾಗೂ ಹುಚ್ಚು ಹಿಡಿದಿತ್ತು.

“ಸರ್, ಬೊಲಿವಿಯಾ ಅಂತ ದೇಶ. ಜೀಪಲ್ಲಿ ನಾಕು ದಿನದ ಟೂರು. ನಾವು ಐದು ಜನ ಆದ್ರೆ ಇಡೀ ಜೀಪು ನಮ್ದೇ. ಹನ್ನೆರಡು ಸಾವಿರ ಅಡಿ ಮೇಲೆ ಮರುಭೂಮಿ, ಕೊನೇಲಿ ಬರೀ ಉಪ್ಪಿನ ಬಯಲು. ಕಣ್ಣು ಹಾಯೋವರ್ಗೂ ಏನೂ ಇಲ್ಲ ಸರ್! ಒಂದು ಮರ ಇಲ್ಲ, ಕಂಬ ಇಲ್ಲ.”

ಗದಿಗೆಪ್ಪ ಕುರ್ಚಿಯಿಂದ ಎದ್ದು ನಿಂತ. “ಕಂಬ ಇಲ್ಲೇನು?”

“ಒಂದೂ ಇಲ್ಲ ಸರ್.”

“ಎದುರಿಗಿ ಗಾಡಿ? ಚೌಕ? ಸ್ಟಾಪ್ ಬೋರ್ಡು?”

“ಅಯ್ಯೋ ಸರ್, ಅಲ್ಲಿ ರಸ್ತೇನೇ ಇಲ್ಲ.”

ಗಿರಿಜವ್ವ ಡಿಕ್ಕಿ ಹೊಡೆಯಲಾಗದ, ಯಾರಿಗೂ ‘ನೀವು ಹೋಗ್ರಿ’ ಅನ್ನಲಾಗದ ಜಾಗವೊಂದು ಭೂಮಿಯ ಮೇಲಿದೆ! ಗದಿಗೆಪ್ಪನಿಗೆ ಅವತ್ತು ನಿದ್ದೆ ಹತ್ತಲಿಲ್ಲ. ಮಗಳು ಹೋಗುವ ಮೊದಲು ಎಲ್ಲರೂ ಕೂಡಿ ಒಂದು ಪ್ರವಾಸ ಎಂದಷ್ಟೇ ಹೆಂಡತಿಗೆ ಹೇಳಿದ. ಒಳಗಿನ ಹಂಚಿಕೆ ಹೇಳಲಿಲ್ಲ. ಗಿರಿಜವ್ವ ಖುಷಿಯಿಂದ ಒಪ್ಪಿ, ಒಂದು ವಾರ ಕೂತು ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಚೀಲ ತುಂಬಿದಳು. ಜೀಪಿನ ಆರನೆಯ ಸೀಟಿನಲ್ಲಿ ರೊಟ್ಟಿ ಪ್ರಯಾಣ ಮಾಡಿತು.

ಆಗಸ್ಟಿನಲ್ಲಿ, ತುಪೀಸಾ ಎಂಬ ಸಣ್ಣ ಊರಿನಲ್ಲಿ ಅವರು ಜೀಪು ಹತ್ತಿದರು. ಡ್ರೈವರ್ ಎಲಿಯೋ ಎಂಬ ಐವತ್ತರ ಮನುಷ್ಯ. ಸ್ಪ್ಯಾನಿಷ್ ಬಿಟ್ಟರೆ ಬೇರೆ ಮಾತು ಗೊತ್ತಿಲ್ಲ, ಅದನ್ನೂ ಹೆಚ್ಚು ಆಡುವವನಲ್ಲ. ಎತ್ತರದ ತಲೆನೋವಿಗೆಂದು ಅಲ್ಲಿಯವರು ಅಗಿಯುವ ಕೋಕಾ ಎಲೆಯನ್ನು ದವಡೆಯಲ್ಲಿ ಒತ್ತಿಕೊಂಡು, ಟೊಪ್ಪಿಗೆ ಹಣೆಗೆ ಎಳೆದುಕೊಂಡು, ತಾನಾಯಿತು ದಾರಿಯಾಯಿತು ಎಂದಿದ್ದ. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತಿದ್ದ ಶಿವಾನಿಯೇ ದುಭಾಷಿ.

ಹಿರಿಯರೆಂದು ಗದಿಗೆಪ್ಪನನ್ನು ಮುಂದೆ ಕೂರಿಸಿದರು. ಅದೇ ತಪ್ಪಾಯಿತು. ಆ ಜೀಪು ಜಪಾನಿನಿಂದ ಬಂದ ಹಳೆಯ ಮಾಲು. ಜಪಾನಿನಲ್ಲಿ ಸ್ಟೀರಿಂಗ್ ಬಲಕ್ಕೆ, ಬೊಲಿವಿಯಾದಲ್ಲಿ ಎಡಕ್ಕೆ. ಬೊಲಿವಿಯಾದ ಮೆಕ್ಯಾನಿಕ್ಕುಗಳು ಸ್ಟೀರಿಂಗನ್ನೂ ಪೆಡಲುಗಳನ್ನೂ ಕಿತ್ತು ಎಡಕ್ಕೆ ಕೂರಿಸಿದ್ದರು. ವೇಗದ ಮೀಟರನ್ನು ಮಾತ್ರ ಯಾರು ಕೀಳುತ್ತಾರೆಂದು ಬಲಕ್ಕೇ ಬಿಟ್ಟಿದ್ದರು. ಅಂದರೆ ಗಾಡಿ ಎಷ್ಟು ಜೋರಾಗಿ ಓಡುತ್ತಿದೆ ಎಂಬುದು ಎಲಿಯೋಗೆ ಕಾಣದು, ಗದಿಗೆಪ್ಪನ ಮೂಗಿನ ಮುಂದೆಯೇ ಕಾಣುತ್ತಿತ್ತು. ಅವನ ಕಾಲ ಬಳಿ ಪೆಡಲು ಕಿತ್ತ ತೂತುಗಳಿದ್ದವು. ಬಲಗಾಲು ಬ್ರೇಕು ಹುಡುಕಿಕೊಂಡು ಹೋಗಿ ತೂತಿಗೆ ಬಿತ್ತು. ಒಳಗಿನಿಂದ ತಣ್ಣನೆಯ ಗಾಳಿ ಅಂಗಾಲಿಗೆ ಬಡಿಯಿತು.

“ಎಂಬತ್ತು! ಶಿವಾನಿ, ಹೇಳವಗ, ಎಂಬತ್ತು ಆಗೈತಿ ಅಂತ!”

“ಅಪ್ಪಾ, ಹಿ ಈಸ್ ಡೂಯಿಂಗ್ ಫೈನ್.”

“ಸಿಗ್ನಲ್ ಹಾಕಲಾರದ ತಿರುಗಿಸಿದ ನೋಡು! ಯಾಕಂತ ಕೇಳು!”

“ದೇರ್ ಈಸ್ ನೋಬಡಿ ಹಿಯರ್!”

“ಆ ಕುರಿ ಐತಲ್ಲ, ನಮ್ಮನ್ನ ನೋಡಾಕತ್ತೈತಿ!” ಅದು ಕುರಿಯಲ್ಲ, ಉದ್ದ ಕತ್ತಿನ ಲಾಮಾ. ಅದು ಮೆಲುಕು ಹಾಕುತ್ತಾ ನಿಜಕ್ಕೂ ಇವರನ್ನೇ ನೋಡುತ್ತಿತ್ತು.

ಮೂರು ದಿನ ಹೀಗೇ ನಡೆಯಿತು. ಕೆಂಪು ನೀರಿನ ಕೆರೆಯ ತುಂಬಾ ಗುಲಾಬಿ ಬಣ್ಣದ ರಾಜಹಂಸಗಳು ನಿಂತಿದ್ದಾಗ ಎಲ್ಲರೂ ಬಾಯಿ ತೆರೆದು ಹಕ್ಕಿ ನೋಡಿದರೆ, ಗದಿಗೆಪ್ಪ ಬಗ್ಗಿ ಟೈರು ನೋಡಿದ. ನೆಲದಿಂದ ಬಿಸಿ ಹಬೆ ಚಿಮ್ಮುವ ಜಾಗದಲ್ಲಿ ಶ್ರೀಕಂಠ ನೂರು ಫೋಟೋ ತೆಗೆದರೆ, ಇವನು ಹ್ಯಾಂಡ್‌ಬ್ರೇಕು ಹಾಕಿದೆಯೇ ಎಂದು ಇಣುಕಿದ. ಎರಡನೆಯ ದಿನ ಎಲಿಯೋ ಹಿಂದೆ ತಿರುಗಿ ಶಿವಾನಿಯನ್ನು ಏನೋ ಕೇಳಿದ. ನಿಮ್ಮ ತಂದೆಗೆ ಕಾಲು ಸೆಳೆಯುವ ರೋಗವಿದೆಯೇ, ಪಾಪ, ಗಳಿಗೆಗೊಮ್ಮೆ ಒದ್ದುಕೊಳ್ಳುತ್ತಾರಲ್ಲ ಎಂದು. ಅವಳು ಇದೆ ಅಂದುಬಿಟ್ಟಳು. ಆಮೇಲೆ ಎಲಿಯೋ ದಾರಿಯುದ್ದಕ್ಕೂ ಗದಿಗೆಪ್ಪನಿಗೆ ಮುಷ್ಟಿ ಮುಷ್ಟಿ ಎಲೆ ಕೊಟ್ಟ. ಗದಿಗೆಪ್ಪ ಅಡಿಕೆಯಿಲ್ಲದ ಎಲೆ ಎಂದು ಗೊಣಗುತ್ತಾ ಅಗಿದ.

ಮೂರನೆಯ ಸಂಜೆ ತಂಗಿದ್ದು ಉಪ್ಪಿನ ಬಯಲಿನ ಅಂಚಿನಲ್ಲಿದ್ದ ಒಂದು ವಸತಿಗೃಹದಲ್ಲಿ. ಅದರ ಗೋಡೆ ಉಪ್ಪಿನ ಇಟ್ಟಿಗೆಯದು, ಮೇಜು ಉಪ್ಪಿನದು, ಮಂಚವೂ ಉಪ್ಪಿನದೇ. ನೆಲದ ಮೇಲೆ ಮರಳಿನಂತೆ ಉಪ್ಪು ಹರಡಿದ್ದರು. ಗಿರಿಜವ್ವ ಹೊಸ್ತಿಲಲ್ಲೇ ನಿಂತುಬಿಟ್ಟಳು.

“ಇದು ಉಪ್ಪೇನ್ರಿ?”

“ಹೂಂ, ಉಪ್ಪ. ಬಾ ಒಳಗ, ಥಂಡಿ ಐತಿ.”

“ಲಕ್ಷ್ಮಿ ಅದು! ಉಪ್ಪ ತುಳಿತಾರೇನು ಯಾರರ? ತುಳದ್ರ ಸತ್ತ ಮ್ಯಾಲ ಒಂದೊಂದ ಹರಳು ಕಣ್ಣರೆಪ್ಪಿಲೆ ಆರಸಬೇಕಾಕ್ಕೈತಿ ಅಂತ ನಮ್ಮವ್ವ ಹೇಳ್ತಿದ್ಲು.”

ಒಳಗೆ ಆಗಲೇ ಬೂಟು ಕಾಲಲ್ಲಿ ಓಡಾಡುತ್ತಿದ್ದ ಶೈಲಜಾ ಒಂಟಿ ಕಾಲಲ್ಲಿ ನಿಂತಳು. “ಅಯ್ಯೋ ಹೌದಲ್ವಾ ಗಿರಿಜಕ್ಕ! ನಮ್ಮನೇಲೂ ಉಪ್ಪು ಕೈಯಿಂದ ಕೈಗೆ ಕೊಡಲ್ಲ.” ಆದರೆ ಎಷ್ಟು ಹೊತ್ತು ಒಂಟಿ ಕಾಲಲ್ಲಿ ನಿಲ್ಲಲಾದೀತು? ಹೇಗೂ ತುಳಿದಾಯಿತೆಂದು ಇನ್ನೊಂದು ಕಾಲನ್ನೂ ಇಳಿಸಿದಳು. ಗಿರಿಜವ್ವ ಮಾತ್ರ ಜಗ್ಗಲಿಲ್ಲ. ಕೊನೆಗೆ ಗದಿಗೆಪ್ಪ ರೊಟ್ಟಿ ಸುತ್ತಿದ್ದ ಪೇಪರುಗಳನ್ನು ಬಿಚ್ಚಿ, ಒಂದನ್ನು ಹಾಸಿ, ಅವಳು ಅದರ ಮೇಲೆ ನಿಂತಾಗ ಮುಂದೆ ಇನ್ನೊಂದು ಹಾಸಿ, ಹಿಂದಿನದನ್ನು ಎತ್ತಿ ಮತ್ತೆ ಮುಂದಿಟ್ಟು, ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ ಊಟದ ಮೇಜಿನವರೆಗೆ ಕರೆತಂದ. ಮೂಲೆಯಲ್ಲಿ ನಿಂತಿದ್ದ ಎಲಿಯೋ ಇದೇನೋ ಪೂಜೆಯೆಂದು ತಿಳಿದು ಟೊಪ್ಪಿಗೆ ತೆಗೆದ.

ಮರುದಿನ ಬೆಳಗ್ಗೆ ಜೀಪು ಬಯಲಿನ ನಟ್ಟನಡುವೆ ನಿಂತಾಗ ಗದಿಗೆಪ್ಪ ಇಳಿದು ಸುತ್ತಲೂ ನೋಡಿದ. ಶ್ರೀಕಂಠ ಹೇಳಿದ್ದು ಸುಳ್ಳಲ್ಲ. ಬಿಳಿ ನೆಲ, ನೀಲಿ ಆಕಾಶ, ಮಧ್ಯೆ ಒಂದು ಗೆರೆ. ಡಿಕ್ಕಿ ಹೊಡೆಯೋಣವೆಂದು ಹಟ ತೊಟ್ಟರೂ ಏನೂ ಸಿಗದು. ಅವನು ಎದೆ ಗಟ್ಟಿ ಮಾಡಿಕೊಂಡು ಹಿಂದಿನ ಬಾಗಿಲು ತೆರೆದ.

“ಗಿರಿಜಾ, ನೋಡು. ಕಂಬಿಲ್ಲ, ಗ್ವಾಡಿ ಇಲ್ಲ, ಮುದುಕನೂ ಇಲ್ಲ. ಗಾಡಿ ನಮ್ಮ ಗಾಡಿಯಂಗ ಆಟೋಮ್ಯಾಟಿಕ್. ಇಳದು ಮುಂದ ಬಾ. ನೀ ಹೊಡಿ, ನಾ ಬಾಜೂಕ ಕುಂದರ್ತೀನಿ.”

ಗಿರಿಜವ್ವ ಅವನನ್ನೇ ನೋಡಿದಳು. “ಇದಕ್ಕ ಕರಕೊಂಡ ಬಂದ್ರೇನು ನನ್ನ, ಇಷ್ಟ ದೂರ? ಮಿಲ್ಟನ್ನಿನ್ಯಾಗ ಬೈದದ್ದು ಸಾಲಲಿಲ್ಲಂತ?”

“ಬೈಯಂಗಿಲ್ಲ, ಆಣಿ—”

“ಇಳಿಯಂಗಿಲ್ಲ. ಹಿಡಿಯಂಗಿಲ್ಲ.” ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಗದಿಗೆಪ್ಪನ ಮುಖ ಸಪ್ಪಗಾಯಿತು. ಇಷ್ಟು ದೂರ ಬಂದದ್ದೆಲ್ಲ ವ್ಯರ್ಥ. ಇನ್ನು ಕೆಲವೇ ದಿನಗಳಲ್ಲಿ ಮಗಳು ಹೋಗುತ್ತಾಳೆ, ಇವಳು ಕಿಟಕಿಯಲ್ಲಿ ಕೂರುತ್ತಾಳೆ. ಅಷ್ಟರಲ್ಲಿ ಶ್ರೀಕಂಠ ಕ್ಯಾಮೆರಾ ಹಿಡಿದು ಕರೆದ. ಆ ಬಯಲಿನಲ್ಲಿ ಹತ್ತಿರ ದೂರ ತಿಳಿಯುವುದಿಲ್ಲ. ದೂರ ನಿಂತವರು ಬೊಂಬೆಯಷ್ಟು ಸಣ್ಣಗೆ, ಹತ್ತಿರದವರ ಅಂಗೈ ಮೇಲೆ ನಿಂತ ಹಾಗೆ ಫೋಟೋ ಬರುತ್ತದೆ. ಶೈಲಜಾ ಅಂಗೈ ಚಾಚಿ ಕೂತಿದ್ದಳು. ಅದರ ಮೇಲೆ ನಿಲ್ಲುವ ಬೊಂಬೆ ಗದಿಗೆಪ್ಪನಾಗಬೇಕಿತ್ತು.

“ಇನ್ನೊಂಚೂರು ಹಿಂದೆ ಹೋಗಿ ಸರ್! ಇನ್ನೂ ಹಿಂದೆ! ನಿಮ್ ತಲೆ ದೊಡ್ಡದು ಬರ್ತಿದೆ ಸರ್!”

ಗದಿಗೆಪ್ಪ ಹಿಂದೆ ಹಿಂದೆ ಹೋದ. ಬೇಸರದಲ್ಲಿದ್ದವನಿಗೆ ಎಲ್ಲಿಯವರೆಗೆ ಹೋದರೂ ಒಂದೇ. ಜೀಪು ಬೆಂಕಿಪೊಟ್ಟಣದಷ್ಟು ಕಾಣುವ ದೂರದಲ್ಲಿ ಕೈಯೆತ್ತಿ ನಿಂತ. ಆಗ ಎಂಜಿನ್ನಿನ ಸದ್ದು ಕೇಳಿಸಿತು.

ಬೆಂಕಿಪೊಟ್ಟಣ ಅಲುಗಿತು. ಮೊದಲು ಮೆಲ್ಲಗೆ, ಆಮೇಲೆ ಸಲೀಸಾಗಿ ಬಯಲಿನ ಮೇಲೆ ಹೊರಟಿತು. ಎಲಿಯೋ ತಮ್ಮನ್ನು ಬಿಟ್ಟು ಗಿರಿಜವ್ವನನ್ನೂ ರೊಟ್ಟಿಯನ್ನೂ ಹೊತ್ತುಕೊಂಡು ಓಡಿದನೆಂದೇ ಗದಿಗೆಪ್ಪ ಭಾವಿಸಿದ. “ಏಯ್! ಏಯ್!” ಎನ್ನುತ್ತಾ ಓಡಿದ. ಜೀಪು ದೊಡ್ಡದೊಂದು ಸುತ್ತು ತಿರುಗಿ ಪಕ್ಕಕ್ಕೆ ಬಂದಾಗ ಕಂಡಿತು: ಸ್ಟೀರಿಂಗ್ ಹಿಡಿದಿದ್ದವಳು ಗಿರಿಜವ್ವ. ತಲೆಯ ಮೇಲೆ ಶಾಲು, ಹಣೆಯ ಮೇಲೆ ವಿಭೂತಿ, ಎರಡೂ ಕೈ ಸ್ಟೀರಿಂಗಿನ ಮೇಲೆ. ಎಲಿಯೋ ಪಕ್ಕದ ಸೀಟಿನಲ್ಲಿ ಮುಖದ ಮೇಲೆ ಟೊಪ್ಪಿಗೆ ಮುಚ್ಚಿಕೊಂಡು ಮಲಗಿದ್ದ.

“ಕನ್ನಡಿ ನೋಡು! ಸಾವಕಾಶ! ಬ್ರೇಕು! ಬ್ರೇಕು!” ಗದಿಗೆಪ್ಪ ಕೂಗುತ್ತಾ ಓಡಿದ, ಓಡುತ್ತಲೇ ಬಲಗಾಲಿನಿಂದ ಗಾಳಿಯನ್ನು ಒತ್ತಿದ. ಓಡುವುದಕ್ಕೂ ಒತ್ತುವುದಕ್ಕೂ ಅದೇ ಕಾಲು ಬೇಕಲ್ಲ, ಮುಗ್ಗರಿಸಿದ. ಆ ಎತ್ತರದಲ್ಲಿ ಉಸಿರೂ ಸಾಲದು. ಉಪ್ಪಿನ ಮೇಲೆ ದೊಪ್ಪನೆ ಕೂತುಬಿಟ್ಟ. ಶ್ರೀಕಂಠನ ಕ್ಯಾಮೆರಾದಲ್ಲಿ ಅವತ್ತು ಬಿದ್ದ ಫೋಟೋದಲ್ಲಿ, ಶೈಲಜಾಳ ಅಂಗೈ ಮೇಲೆ ಒಬ್ಬ ಪುಟ್ಟ ಮನುಷ್ಯ ಒಂದು ಕಾಲೆತ್ತಿ ಕುಣಿಯುತ್ತಿದ್ದಾನೆ.

ಗಿರಿಜವ್ವ ಇನ್ನೂ ಎರಡು ಸುತ್ತು ಹಾಕಿದಳು. ಆಮೇಲೆ ಬಂದು ಗಂಡನಿಂದ ಮಾರು ದೂರದಲ್ಲಿ ಜೀಪನ್ನು ಕುಲುಕದೆ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದಳು. ಮುಖದ ತುಂಬಾ ನಗು. ಆ ನಗುವನ್ನು ಗದಿಗೆಪ್ಪ ಯಾವ ಕಾಲದಲ್ಲಿ ಕೊನೆಯ ಸಲ ನೋಡಿದ್ದನೋ ಅವನಿಗೇ ನೆನಪಿಲ್ಲ.

“ಥಂಡಿ ಆತು, ಹೀಟರ್ ಹಾಕೂಣು ಅಂತ ಸೀಟು ದಾಟಿ ಮುಂದ ಬಂದೆ. ಇವ ಆ ಕಡೆ ಬಿಸಲಾಗ ಮಲಗಿದ್ದ. ಚಾವಿ ತಿರುವಿದೆ. ಎದ್ದು ನೋಡಿದ, ಮತ್ತ ಟೊಪಗಿ ಮುಚ್ಕೊಂಡ. ಬ್ರೇಕ್ ಬಿಟ್ಟೆ. ಹೋತು!”

“ಅವ ಏನರ ಹೇಳಿಕೊಟ್ಟನೇ?” ಗದಿಗೆಪ್ಪ ಏದುಸಿರಿನಲ್ಲೇ ಕೇಳಿದ.

“ಏನೂ ಹೇಳಲಿಲ್ಲ. ಅದಕ್ಕ ಬಂತು.”

ಗದಿಗೆಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು, ಅದೇ ಉಸಿರಿನಲ್ಲಿ ಹೊಟ್ಟೆಯೂ ಉರಿಯಿತು. ಊರ ಮಂದಿಗೆಲ್ಲ ಕಲಿಸಿದವನು ತಾನು; ತನ್ನ ಹೆಂಡತಿಗೆ ಕಲಿಸಿದ್ದು ಮಾತ್ರ ಮಲಗಿ ಗೊರಕೆ ಹೊಡೆಯುವ ಈ ಎಲೆ ಅಗಿಯುವವನು. ಯಾವುದಕ್ಕೆ ಮೊದಲು ಮುಖ ಕೊಡಬೇಕೆಂದು ತಿಳಿಯದೆ ಉಪ್ಪಿನ ಮೇಲೇ ಕೂತಿದ್ದ. ಅಷ್ಟರಲ್ಲಿ ಉಳಿದವರೂ ಓಡಿ ಬಂದರು.

“ಗಿರಿಜಕ್ಕ, ಲಕ್ಷ್ಮಿ ಮೇಲೆ ಗಾಡಿ ಓಡಿಸ್ಬಹುದಾ?” ಶೈಲಜಾ ಕೇಳಿದಳು.

“ನನ್ನ ಕಾಲು ತಾಗಿಲ್ಲಲ್ಲ! ಗಾಲಿ ಇವನವು, ಪಾಪನೂ ಇವಂದು,” ಎಂದು ಗಿರಿಜವ್ವ ಮಲಗಿದ್ದ ಎಲಿಯೋನ ಕಡೆ ತೋರಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, “ಹತ್ತರಿ. ಹಿಂದ ಕುಂದರ್ರಿ,” ಅಂದಳು.

ಗದಿಗೆಪ್ಪ ಹಿಂದೆ ರೊಟ್ಟಿ ಚೀಲದ ಪಕ್ಕ ಕೂತ. ಸುಮಾರು ಹೊತ್ತು ಅವಳೇ ಓಡಿಸಿದಳು. ಎರಡು ಸಲ ಅವನ ಬಾಯಿ ತೆರೆಯಿತು, ಎರಡು ಸಲವೂ ಶಿವಾನಿ ಅದರೊಳಗೆ ಒಂದು ತುಂಡು ರೊಟ್ಟಿ ತುರುಕಿದಳು.

ಮಿಲ್ಟನ್ನಿಗೆ ಮರಳಿದ ಮೇಲೆ ಗದಿಗೆಪ್ಪ ಬಹಳ ಹುರುಪಿನಿಂದ, “ನಾಳೆ ಮುಂಜಾನೆ ಪ್ರಾಕ್ಟೀಸ್ ಮಾಡೂಣೇನು?” ಅಂದ. “ನಿಮ್ಮ ಕೂಡ ಬ್ಯಾಡ್ರಿ,” ಅಂದಳು ಗಿರಿಜವ್ವ. ಶನಿವಾರ ಭಾನುವಾರ ಶೈಲಜಾ ತನ್ನ ಕಾರು ತಂದು ಅವಳನ್ನು ಕರೆದೊಯ್ಯುತ್ತಿದ್ದಳು. ಶೈಲಜಾ ಪಕ್ಕದಲ್ಲಿ ಕೂತು ಶಾಪಿಂಗಿನ ಮಾತು ಬಿಟ್ಟು ಬೇರೇನೂ ಆಡುತ್ತಿರಲಿಲ್ಲವಂತೆ. ಗದಿಗೆಪ್ಪ ಗ್ಯಾರೇಜಿನ ಮುಂದೆ ನಿಂತು, ಅವರು ತಿರುವು ದಾಟುವವರೆಗೆ ನೋಡಿ, ಒಳಗೆ ಹೋಗಿ ಚಹಾ ಮಾಡಿಕೊಳ್ಳುತ್ತಿದ್ದ. ಅವಳನ್ನು ಅವಳ ಪಾಡಿಗೆ ಬಿಡುವುದು ಅವನಿಗೆ ಕಷ್ಟವಾಯಿತು. ಆದರೂ ಬಿಟ್ಟಿದ್ದ.

ಮಗಳನ್ನೂ ಅವಳ ಕಾರನ್ನೂ ಆಟವಾಕ್ಕೆ ಬಿಟ್ಟು ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಒಂದು ಸಂಜೆ ಅವನು ಕ್ಲಾಸು ಮುಗಿಸಿ ಬಂದಾಗ ಗಿರಿಜವ್ವ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು.

“ನಾಳೆ ಮುಂಜಾನೆ ಗಾಡಿ ನಂಗ ಬೇಕು. ನಿಮ್ಮ ಕ್ಲಾಸು ಮಧ್ಯಾಹ್ನಕ್ಕ ಇಟ್ಕೊಳ್ರಿ.”

“ಯಾಕ? ಯಾರ ಹೊಡಿತಾರ?”

“ನಾನಽ ಹೊಡಿತೀನಿ. ಇವತ್ತ ಪಾಸಾತು.”

ಗದಿಗೆಪ್ಪ ಬೂಟು ಬಿಚ್ಚುವುದನ್ನೂ ಮರೆತು ನಿಂತ. ಪರೀಕ್ಷೆ ಎಂದಿತ್ತು, ಎಲ್ಲಿತ್ತು, ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದುಕೊಂಡ. ಕೇಳುವುದನ್ನು ಬಿಟ್ಟು ಸೀದಾ ಫೋನಿನ ಹತ್ತಿರ ಹೋಗಿ, ಮರುದಿನ ಬೆಳಗ್ಗೆ ಕ್ಲಾಸಿದ್ದ ವೀರಭದ್ರಪ್ಪನೆಂಬ ಹೊಸ ಶಿಷ್ಯನಿಗೆ ಹಚ್ಚಿದ.

“ನಾಳೆ ಮುಂಜಾನಿ ಕ್ಲಾಸಿಲ್ರಿ. ಮಧ್ಯಾಹ್ನ ಬರ್ತೀನಿ.”

“ಯಾಕ್ರಿ ಸರ, ಗಾಡಿ ಕೆಟ್ಟೈತೇನು?”

“ಕೆಟ್ಟಿಲ್ಲ. ಗಾಡಿ ನಮ್ಮ ಮನಿಯವ್ರು ಒಯ್ಯಾವ್ರದಾರ,” ಅಂದ ಗದಿಗೆಪ್ಪ, ಅಡುಗೆಮನೆಗೂ ಕೇಳಿಸುವ ಹಾಗೆ.

ಫೋನು ಇಟ್ಟ. ಆಮೇಲೆ ಮತ್ತೆ ಎತ್ತಿಕೊಂಡ. ಮರುದಿನ ಕ್ಲಾಸೇ ಇಲ್ಲದ ಶಿಷ್ಯರಿಗೂ, ಎಂದೋ ಪಾಸಾಗಿ ಮರೆತೇ ಹೋಗಿದ್ದ ಶಿಷ್ಯರಿಗೂ ಒಬ್ಬೊಬ್ಬರಿಗೇ ಫೋನು ಹಚ್ಚಿ, ನಾಳೆ ಬೆಳಗ್ಗೆ ತನಗೆ ಗಾಡಿ ಸಿಗುವುದಿಲ್ಲವೆಂದೂ ಯಾಕೆ ಸಿಗುವುದಿಲ್ಲವೆಂದೂ ತಿಳಿಸಿದ.